ಏರಬೇಕಿದ್ದ ಬಾಡಿಗೆ ಸಾವಿರ ರೂಪಾಯಿ ಇಳಿಯಿತು

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ, ಬಾಡಿಗೆ 14,000. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಓನರ್ ಅಂಕಲ್ ಶೇಕಡ 5 ಜಾಸ್ತಿ ಕೇಳಿದರು. ಮಗು ಹುಟ್ಟಿ ಎರಡೇ ತಿಂಗಳು, ಹೆಂಡತಿ ಕೆಲಸ ಬಿಟ್ಟಿದ್ದಳು. ಮನೆ ನಡೆಯುತ್ತಿದ್ದದ್ದು ನನ್ನೊಬ್ಬನ ಸಂಬಳದಲ್ಲಿ.

ಮೊದಲು ಫೋನ್‌ನಲ್ಲಿ ಕಷ್ಟ ಹೇಳಿಕೊಂಡೆ. "ನನಗೂ ಖರ್ಚಿದೆಯಪ್ಪಾ" ಅಂದರು. ಅದೂ ನಿಜವೇ ಅಲ್ವಾ?

ಆಮೇಲೆ ಭಾನುವಾರ ಅಕ್ಕಪಕ್ಕದ ರಸ್ತೆಗಳಲ್ಲಿ ಓಡಾಡಿ, ಟು-ಲೆಟ್ ಬೋರ್ಡ್ ಕಂಡಲ್ಲೆಲ್ಲ ಕೇಳಿದೆ. ನಮ್ಮಂಥದ್ದೇ ಮೂರು ಮನೆ 13,000ದಿಂದ 13,500ಕ್ಕೆ ಇದ್ದವು. ಅದನ್ನು ಬರೆದುಕೊಂಡು ಸಂಜೆ ಅವರ ಮನೆಗೇ ಹೋದೆ. ಈ ಮಾತು ಫೋನ್‌ನಲ್ಲಿ ಆಗುವಂಥದ್ದಲ್ಲ.

"ಅಂಕಲ್, ಮೂರು ವರ್ಷದಲ್ಲಿ ಒಂದು ತಿಂಗಳೂ ತಡ ಮಾಡಿಲ್ಲ. ನಾವು ಖಾಲಿ ಮಾಡಿದರೆ ನೀವು ಒಂದು ಲಕ್ಷ ಅಡ್ವಾನ್ಸ್ ವಾಪಸ್ ಕೊಡಬೇಕು, ಮನೆ ಒಂದು ತಿಂಗಳು ಖಾಲಿ ಇದ್ದರೂ 14,000 ಹೋಯ್ತು. ಸಾವಿರ ಕಮ್ಮಿ ಮಾಡಿದರೆ ಹನ್ನೊಂದು ತಿಂಗಳಿಗೆ 11,000 ಅಷ್ಟೇ" ಅಂದೆ. ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ಇಬ್ಬರೂ ಕೂತು ಲೆಕ್ಕ ಹಾಕಿದ ಹಾಗೆ ಹೇಳಿದೆ. 5ನೇ ತಾರೀಕಿನ ಬದಲು 1ಕ್ಕೇ ಬಾಡಿಗೆ ಹಾಕುತ್ತೇನೆ, ನಲ್ಲಿ, ಸ್ವಿಚ್ಚಿನಂಥ ಸಣ್ಣ ರಿಪೇರಿ ನಾನೇ ನೋಡಿಕೊಳ್ಳುತ್ತೇನೆ ಅಂತಲೂ ಸೇರಿಸಿದೆ.

ಆಂಟಿ ಒಳಗಿಂದ ಕಾಫಿ ತಂದು, "ಪುಟ್ಟ ಮಗು ಇಟ್ಕೊಂಡು ಎಲ್ಲಿ ಮನೆ ಹುಡುಕ್ತಾರೆ, ಒಪ್ಕೊಳ್ಳಿ" ಅಂದರು. ಎರಡು ದಿನ ಬಿಟ್ಟು ಅಂಕಲ್ 13,000ಕ್ಕೆ ಒಪ್ಪಿದರು. ಹೊಸ ಬಾಡಿಗೆ, ರಿಪೇರಿ ಮಾತು ಎರಡನ್ನೂ ಹೊಸ ಅಗ್ರಿಮೆಂಟಿನಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿದೆವು.