ಜೂನೋ ಹಿಮನದಿಯಲ್ಲಿ ನಾಯಿ ಜಾರುಬಂಡಿ: ಹಡಗು ಬಿಟ್ಟು ಮಾಡಿದ ಲೆಕ್ಕ

ಬೇಸಿಗೆಗೆ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಅಲಾಸ್ಕಾ ಪ್ರವಾಸದ ಹಡಗು ಹತ್ತಿಸುವುದು ಸಿಯಾಟಲ್ ಕಡೆಯ ನಮ್ಮವರಲ್ಲಿ ವಾಡಿಕೆಯಾಗಿಬಿಟ್ಟಿದೆ. ಹೆಲಿಕಾಪ್ಟರಿನಲ್ಲಿ ಹಿಮನದಿಗೆ ಹೋಗಿ ನಾಯಿಗಳ ಜಾರುಬಂಡಿಯಲ್ಲಿ ಕೂರುವುದು ಎಲ್ಲರ ಪಟ್ಟಿಯಲ್ಲೂ ಇರುತ್ತದೆ, ನಿಜವಾಗಿ ಕೂತು ಬಂದವರು ಕಡಿಮೆ. ಹಡಗನ್ನೇ ಬಿಡೋಣ, ವಿಮಾನದಲ್ಲಿ ಅಲಾಸ್ಕಾದ ರಾಜಧಾನಿ ಜೂನೋಗೆ ಹೋಗಿ ನಾಲ್ಕು ರಾತ್ರಿ ಅಲ್ಲೇ ಇರೋಣ ಎಂದು ನಾನು ಹೇಳಿದಾಗ ಗೆಳೆಯರು ನಕ್ಕರು. ಮಳೆಯ ಊರಿನಲ್ಲಿ ನಾಲ್ಕು ದಿನ ಕೂತರೆ ದುಡ್ಡೆಲ್ಲ ನೀರುಪಾಲು ಎಂದು ಬುದ್ಧಿ ಹೇಳಿದವರೇ ಈಗ ಹೆಲಿಕಾಪ್ಟರಿಗೆಂದು ಅತ್ತೆ ಮಾವಂದಿರ ತೂಕ ಬರೆದು ನನಗೆ ಕಳುಹಿಸುತ್ತಿದ್ದಾರೆ!

ಹಡಗಿನ ತೊಂದರೆ ಇಷ್ಟೇ. ಜೂನೋಗೆ ಅದು ಕೊಡುವುದು ಒಂದೇ ದಿನ. ಆ ದಿನ ಮೋಡ ಕೆಳಗಿಳಿಯಿತೋ, ಹಾರಾಟ ರದ್ದು. ಟಿಕೆಟ್ ಹಣ ವಾಪಸು ಬರುತ್ತದೆ, ದಿನ ಬರುವುದಿಲ್ಲ. ಮಂಡಿನೋವಿನ ನಡುವೆ ಹುಬ್ಬಳ್ಳಿಯಿಂದ ಅಷ್ಟು ದೂರ ಬಂದ ಹಿರಿಯರಿಗೆ ಮುಂದಿನ ವರ್ಷ ನೋಡೋಣ ಎನ್ನಲು ಬಾಯಿ ಬರುವುದಿಲ್ಲ.

ಹಾಗೆಂದು ನನ್ನ ದಾರಿ ಮೊದಲ ಸಲಕ್ಕೇ ಗೆದ್ದಿತೆಂದಲ್ಲ. ಎರಡೇ ರಾತ್ರಿ ಇಟ್ಟುಕೊಂಡು ಹೋದ ಆಗಸ್ಟಿನಲ್ಲಿ ಎರಡೂ ದಿನ ಮಳೆ ಹಿಡಿದು, ಕೊಠಡಿಯಲ್ಲಿ ಇಸ್ಪೀಟ್ ಆಡಿ ಬಂದೆವು. ವಿಮಾನ, ವಸತಿ ಎಂದು ತಲೆಗೆ ಸುಮಾರು ಐನೂರು ಡಾಲರ್ ಹೋಯಿತು. ಇನ್ನೊಮ್ಮೆ ಜೂನೋ ಊರಿನಲ್ಲಿ ಚಿನ್ನದಂಥ ಬಿಸಿಲು, ಎಲ್ಲರೂ ತೂಕದ ಯಂತ್ರ ದಾಟಿ, ಹಿಮಕ್ಕೆ ಕೊಡುವ ಮೇಲ್ಬೂಟು ಹಾಕಿಕೊಂಡು ಕೂತಿದ್ದಾಗ ರದ್ದಾಯಿತು. ಮೇಲೆ ಹಿಮನದಿಯಲ್ಲಿ ಹಿಮವೂ ಬಿಳಿ, ಮೋಡವೂ ಬಿಳಿ. ನೆಲ ಎಲ್ಲಿದೆ ಎಂದು ಪೈಲಟ್‌ಗೆ ಕಾಣದಿದ್ದರೆ ಇಳಿಯುವುದು ಹೇಗೆ? ಗುಂಪಿನವರು ಗೊಣಗಿದರು, ನಾನು ಗೊಣಗಲಿಲ್ಲ. ಊರಿನ ಆಕಾಶ ನೋಡಿ ಮಾತಾಡುವುದನ್ನು ಅಂದಿನಿಂದ ಬಿಟ್ಟೆ.

ಈಗ ಜೂನ್ ಮೊದಲ ಭಾಗ, ನಾಲ್ಕು ರಾತ್ರಿ. ಟಿಕೆಟನ್ನು ತಲುಪಿದ ಮಾರನೆಯ ದಿನಕ್ಕೇ ತೆಗೆದುಕೊಂಡು ಉಳಿದ ದಿನಗಳನ್ನು ಖಾಲಿ ಬಿಡುತ್ತೇನೆ. ರದ್ದಾದರೆ ಹಡಗಿನವರು ಸಂಜೆಗೆ ಊರು ಬಿಡುತ್ತಾರೆ, ನಾವು ಅಲ್ಲೇ ಇರುತ್ತೇವೆ. ಮಾರನೆಯ ದಿನದ ಸೀಟುಗಳು ಹೊಸ ಹಡಗುಗಳವರಿಗೆ ಮೊದಲೇ ಮಾರಾಟವಾಗಿರುತ್ತವೆ ಎಂಬ ಆಕ್ಷೇಪ ಸರಿಯೇ. ಆದರೆ ಬರಬೇಕಾದವರೆಲ್ಲ ಬರುವುದಿಲ್ಲ. ಬಿಟ್ಟುಹೋದ ಸೀಟನ್ನು ಯಾರ ಬಳಿ, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇ ಸೀಟು ಸಿಗದು. 2024ರಿಂದ ಜೂನೋದಲ್ಲಿ ದಿನಕ್ಕೆ ಐದು ದೊಡ್ಡ ಹಡಗುಗಳೆಂಬ ಮಿತಿ ಬಂದಿದೆ. ಹಡಗುಗಳ ವೇಳಾಪಟ್ಟಿ ನೋಡಿ ಕಡಿಮೆ ಹಡಗಿರುವ ದಿನವನ್ನು ಹಿಡಿಯಿರಿ, ಅಷ್ಟು ಹೇಳಬಲ್ಲೆ. ಜೊತೆಗೆ ಅಮೆರಿಕದ ವಿಮಾನಯಾನ ಇಲಾಖೆ ಅಲಾಸ್ಕಾದುದ್ದಕ್ಕೂ ಇಟ್ಟಿರುವ ಹವಾಮಾನ ಕ್ಯಾಮೆರಾಗಳನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತೇನೆ. ಹಲ್ಲುಜ್ಜುವುದು ಆಮೇಲೆ.

ಖರ್ಚಿನ ಮಾತು. ಹೆಲಿಕಾಪ್ಟರ್ ಮತ್ತು ಜಾರುಬಂಡಿ ಸೇರಿ ತಲೆಗೆ ಏಳುನೂರು ಡಾಲರ್ ಆಸುಪಾಸು. ಸಿಯಾಟಲ್‌ನಿಂದ ಹೋಗಿ ಬರುವ ವಿಮಾನಕ್ಕೆ ಮುನ್ನೂರು, ಮುನ್ನೂರೈವತ್ತು. ಅಡುಗೆಮನೆ ಇರುವ ಮನೆಯನ್ನೇ ಹಿಡಿಯುವುದರಿಂದ ವಸತಿ ಹಂಚಿಕೆಯಾಗುತ್ತದೆ, ಅನ್ನ ಸಾರಿಗೂ ಬರವಿಲ್ಲ. ವಿಮಾನ ನಿಲ್ದಾಣದ ಬಳಿಯ ಮೆಂಡೆನ್‌ಹಾಲ್ ಕಣಿವೆಯಲ್ಲಿ ನನಗೆ ಅಗ್ಗದ ಮನೆಗಳು ಸಿಕ್ಕಿವೆ. ಆದರೆ ಆಗಸ್ಟಿನಲ್ಲಿ ಹೊಳೆದಂಡೆಯ ಮನೆ ಬೇಡ. ಹಿಮನದಿ ತಡೆದು ನಿಲ್ಲಿಸಿದ ನೀರು ಒಡೆದು ಬಂದು 2023, 2024, 2025ರ ಆಗಸ್ಟ್‌ಗಳಲ್ಲಿ ಮೆಂಡೆನ್‌ಹಾಲ್ ಹೊಳೆ ಉಕ್ಕಿತ್ತು.

ತೂಕದ ವಿಷಯದಲ್ಲಿ ನಾಚಿಕೆ ಬೇಡ. ಪೈಲಟ್ ಬಿಟ್ಟು ಆರು ಜನರ ಹೆಲಿಕಾಪ್ಟರ್, ಯಾರು ಎಲ್ಲಿ ಕೂರಬೇಕೆಂದು ತೂಕವೇ ನಿರ್ಧರಿಸುತ್ತದೆ. ಮುಂದಿನ ಸೀಟು ಬೇಕೆಂದು ಹಟ ಹಿಡಿದು ಪ್ರಯೋಜನವಿಲ್ಲ. 250 ಪೌಂಡ್, ಅಂದರೆ ನಮ್ಮ 113 ಕಿಲೋ ದಾಟಿದವರಿಗೆ ಹೆಚ್ಚುವರಿ ಹಣ. ಹೊರಡುವ ಮುಂಚೆ ಜಾಕೆಟ್, ಬೂಟು ಸಮೇತ ಎಲ್ಲರನ್ನೂ ನಾನೇ ತೂಗುತ್ತೇನೆ. ಫೋನಿನಲ್ಲಿ ಹೇಳಿದ ತೂಕಕ್ಕೂ ಯಂತ್ರ ತೋರಿಸುವ ತೂಕಕ್ಕೂ ನಾಲ್ಕಾರು ಕಿಲೋ ವ್ಯತ್ಯಾಸ ಇದ್ದೇ ಇರುತ್ತದೆ. ಸೀರೆಯನ್ನೂ ಪ್ರಯೋಗಿಸಿ ನೋಡಿದೆ. ನೆರಿಗೆಯನ್ನು ಮೇಲ್ಬೂಟಿನೊಳಗೆ ತುರುಕಬಹುದು, ತಿರುಗುವ ರೆಕ್ಕೆಯ ಗಾಳಿಗೆ ಸೆರಗು ನಿಲ್ಲುವುದಿಲ್ಲ. ಅಮ್ಮಂದಿರಿಗೆ ಈಗ ಪ್ಯಾಂಟ್ ಕಡ್ಡಾಯ.

ನಾಯಿಗಳನ್ನು ಕಂಡು ಹಲವರಿಗೆ ನಿರಾಸೆ. ನೀಲಿ ಕಣ್ಣಿನ, ದಟ್ಟ ತುಪ್ಪಳದ ಸೈಬೀರಿಯನ್ ಹಸ್ಕಿಯನ್ನು ನೆನೆದು ಬಂದಿರುತ್ತಾರೆ. ಅಲ್ಲಿರುವುದು ಓಟಕ್ಕೆಂದೇ ಬೆರಕೆ ಮಾಡಿ ಬೆಳೆಸಿದ ಅಲಾಸ್ಕನ್ ಹಸ್ಕಿ, ಇಪ್ಪತ್ತು ಇಪ್ಪತ್ತೈದು ಕಿಲೋದ ಸಪೂರ ಪ್ರಾಣಿ. ಬಾಗಲಕೋಟೆಯ ಹಿರಿಯರೊಬ್ಬರು ಮಾತ್ರ ಖುಷಿಯಾಗಿ, ನಮ್ಮ ಮುಧೋಳ ನಾಯಿಗೆ ಕಂಬಳಿ ಹೊದಿಸಿದಂತಿದೆ ಎಂದರು. ಅಲಾಸ್ಕಾದ ಆಂಕರೇಜ್‌ನಿಂದ ನೋಮ್‌ವರೆಗೆ ಸಾವಿರ ಮೈಲಿ ಓಡುವ ಇಡಿಟರಾಡ್ ಪಂದ್ಯದವರೂ ಬೇಸಿಗೆಯಲ್ಲಿ ಇಂಥ ಶಿಬಿರಗಳಲ್ಲಿ ತಮ್ಮ ನಾಯಿಗಳನ್ನು ಪಳಗಿಸುತ್ತಾರೆ ಎಂದ ಮೇಲೆ ಉಳಿದವರ ಮುಖವೂ ಅರಳಿತು.

ಹಗ್ಗಕ್ಕೆ ಸಿಕ್ಕಿಸಿದ ಗಳಿಗೆಯಿಂದ ಅವುಗಳ ಅರಚಾಟ ಕೇಳಬೇಕು. ಬಂಡಿಗೆ ಹತ್ತಿರದ ಜೋಡಿ ನಾಲ್ಕೂ ಕಾಲೆತ್ತಿ ಮುಂದಕ್ಕೆ ಎಗರಿ, ಹಗ್ಗ ಬಿಗಿದು ಹಿಂದಕ್ಕೆ ಬೀಳುತ್ತದೆ, ಮತ್ತೆ ಎಗರುತ್ತದೆ. ಬಂಡಿ ನಡೆಸುವ ಹುಡುಗಿ ಹಿಮದಲ್ಲಿ ಹೂತ ಕೊಕ್ಕೆಯನ್ನು ಕಿತ್ತು ‘ಹೈಕ್’ ಎಂದಳೋ ಇಲ್ಲವೋ, ಎಲ್ಲ ಬಾಯಿಗಳೂ ಬಂದ್. ಆಮೇಲೆ ಏದುಸಿರು ಮತ್ತು ಬಂಡಿಯ ಪಟ್ಟಿ ಹಿಮ ಕೆರೆಯುವ ಸದ್ದು ಮಾತ್ರ. ಬೆಳಗಿನ ಗಟ್ಟಿ ಹಿಮದಲ್ಲಿ ಓಟ ಚೆನ್ನ. ಮಧ್ಯಾಹ್ನದ ಹಾರಾಟವನ್ನೂ ಪರೀಕ್ಷಿಸಿದೆ. ಹಿಮ ಅಂಬಲಿಯಾಗಿ ಬಂಡಿ ಹೂತುಕೊಳ್ಳುತ್ತದೆ, ಸೆಕೆಗೆ ನಾಯಿಗಳೂ ನಿಧಾನ.

ಮೋಡ ಜೂನೋವನ್ನು ಬಿಡದ ವಾರಕ್ಕೆಂದು ಸೀವರ್ಡ್ ಬಳಿಯ ಗಾಡ್ವಿನ್ ಹಿಮನದಿಯನ್ನೂ ನೋಡಿ ಬಂದಿದ್ದೇನೆ. ಸೀವರ್ಡ್ ಊರು ಆಂಕರೇಜ್‌ನಿಂದ ಸುಮಾರು 200 ಕಿಲೋಮೀಟರ್, ಅಲ್ಲಿಯವರೆಗೆ ರಸ್ತೆಯಲ್ಲೇ ಹೋಗಬಹುದು. ಜೂನೋಗೆ ಆ ಅನುಕೂಲವಿಲ್ಲ, ಹೊರಗಿನಿಂದ ರಸ್ತೆಯೇ ಇಲ್ಲ. ಹೆಲಿಕಾಪ್ಟರ್ ಎಂದರೆ ಬೆವರುವವರಿಗೆ ಕಾಡಿನ ದಾರಿಯಲ್ಲಿ ಇದೇ ಜಾತಿಯ ನಾಯಿಗಳು ಎಳೆಯುವ ಚಕ್ರದ ಬಂಡಿ ಇದೆ. ಖರ್ಚು ಮೂರನೇ ಒಂದು ಭಾಗವೂ ಇಲ್ಲ. ಮಳೆಯಲ್ಲೂ ಓಡುತ್ತದೆ, ಮೈ ತುಂಬ ಕೆಸರು ಮಾತ್ರ ಖಚಿತ.