ಗ್ವಾಟೆಮಾಲಾದ ಮಾಯಾ ಹಳ್ಳಿಗಳಲ್ಲಿ ಕಾಡು ಬೆಳೆಸುವ ಕೆಲಸಕ್ಕೆ ಹೋಗುವುದು ಹೇಗೆ

ಸ್ವಯಂಸೇವಕರಾಗಿ ಯಾವ ತಿಂಗಳು ಹೋಗುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಟಿಕೆಟ್ಟು, ವೀಸಾ, ಬ್ಯಾಗು ಎಲ್ಲಾ ಆಮೇಲೆ.

ಗ್ವಾಟೆಮಾಲಾ ಇರುವುದು ಮಧ್ಯ ಅಮೆರಿಕದಲ್ಲಿ, ಮಾಯಾ ಅಂದರೆ ಅಲ್ಲಿನ ಮೂಲನಿವಾಸಿ ಜನ. ಅವರಿರುವ ಪಶ್ಚಿಮದ ಬೆಟ್ಟಸೀಮೆಯಲ್ಲಿ ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಗಿಡ ನೆಡುವುದು ಮಳೆ ಹಿಡಿದ ಮೇಲೆ, ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ಒಳಗೆ. ಹೊರಗಿನಿಂದ ಬರುವವರಿಗೆಲ್ಲ ಈ ನೆಡುವ ದಿನವೇ ಬೇಕು. ಆದರೆ ಆ ದಿನಗಳಲ್ಲಿ ಊರಿನ ಜನ, ಶಾಲೆ ಮಕ್ಕಳು ಎಲ್ಲರೂ ಬಂದು ಕೈ ಹಾಕುತ್ತಾರೆ. ಕೈ ಸಾಲದೆ ಒದ್ದಾಡುವುದು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ. ಚೀಲಕ್ಕೆ ಮಣ್ಣು ತುಂಬಬೇಕು, ಬೀಜ ಹಾಕಬೇಕು, ದಿನಾ ನೀರು ಹನಿಸಬೇಕು, ಹೋದ ವರ್ಷ ನೆಟ್ಟ ಗಿಡದ ಬುಡ ಬಿಡಿಸಬೇಕು, ಬೆಂಕಿ ಬೀಳುವ ಮೊದಲು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಪೊದೆ ತೆಗೆದ ಪಟ್ಟಿ, ಕಡಿಯಬೇಕು. ನನ್ನನ್ನು ಕೇಳಿದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ ಅನ್ನುತ್ತೇನೆ. ಶಾಲೆಯ ಕೆಲಸವೂ ಮಾಡಬೇಕು ಅಂತಿದ್ದರೆ ಅದಕ್ಕೂ ಇದೇ ಸರಿ, ಯಾಕೆಂದರೆ ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ, ಮುಗಿಯುವುದು ಅಕ್ಟೋಬರ್‌ನಲ್ಲಿ. ನವೆಂಬರ್, ಡಿಸೆಂಬರ್‌ನಲ್ಲಿ ಪಾಠ ಹೇಳುತ್ತೇನೆ ಅಂತ ಹೋದರೆ ಬಾಗಿಲು ಹಾಕಿರುತ್ತದೆ.

ಎಲ್ಲಿಗೆ ಹೋಗುವುದು? ಈ ಸೀಮೆಯ ದೊಡ್ಡ ಊರು ಕೆತ್ಸಾಲ್ತೆನಾಂಗೊ. ಜನ ಕರೆಯುವುದು ಶೇಲಾ ಅಂತ. ಸಮುದ್ರ ಮಟ್ಟದಿಂದ ಸುಮಾರು 2,330 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಅಂದಮೇಲೆ ಚಳಿ ಎಷ್ಟಿರಬಹುದು ಲೆಕ್ಕ ಹಾಕಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹೊಲದ ಮೇಲೆ ಹಿಮ ಕಟ್ಟುತ್ತದೆ. ದಪ್ಪ ಸ್ವೆಟರ್ ಬೇಕೇ ಬೇಕು. ಮೊದಲ ಎರಡು ಮೂರು ದಿನ ಏರು ಹತ್ತುವಾಗ ಏದುಸಿರು ಬರುತ್ತದೆ, ಗುದ್ದಲಿ ಹಿಡಿದು ಶೌರ್ಯ ತೋರಿಸಲು ಹೋಗಬೇಡಿ.

ಶೇಲಾದ ಪಕ್ಕದಲ್ಲೇ ಕಾಂತೆಲ್ ಅನ್ನುವ ಊರಿದೆ, ಅದಕ್ಕೆ ಸೇರಿದ ಪಚಾಹ್ ಅನ್ನುವ ಹಳ್ಳಿ. ಮಾಯಾ ಜನರಲ್ಲೇ ಕಿಚೆ ಅನ್ನುವ ಪಂಗಡದವರ ಊರು, ಅವರ ಭಾಷೆಯೂ ಕಿಚೆ. ಅಲ್ಲಿನವರೇ ಕಟ್ಟಿದ ಚಿಕೊ ಮೆಂಡಿಸ್ ಅರಣ್ಯ ಯೋಜನೆ ಸ್ವಯಂಸೇವಕರ ನೆರವಿನಿಂದ ಬೆಳೆದದ್ದು. ಅಮೆಜಾನ್ ಕಾಡಿಗಾಗಿ ಹೋರಾಡಿ 1988ರಲ್ಲಿ ಕೊಲೆಯಾದ ಬ್ರೆಜಿಲ್‌ನ ರಬ್ಬರ್ ಕಾರ್ಮಿಕ ನಾಯಕನ ಹೆಸರು ಅದು. ಪೂರ್ವಕ್ಕೆ, ಕಾಕ್ಚಿಕೆಲ್ ಅನ್ನುವ ಇನ್ನೊಂದು ಮಾಯಾ ಪಂಗಡದವರಿರುವ ಚಿಮಾಲ್ತೆನಾಂಗೊ ಕಡೆ ಐರೆಸ್ ಅನ್ನುವ ಸಂಸ್ಥೆ 1990ರ ದಶಕದಿಂದ ಹಳ್ಳಿ ನರ್ಸರಿ ಮಾಡಿಸುತ್ತಿದೆ. ಶಿಕ್ಷಣದ ಕಡೆ ಮನಸ್ಸಿದ್ದು ಬೆಟ್ಟ ಹತ್ತುವ ಹುಚ್ಚೂ ಇದ್ದರೆ ಶೇಲಾದ ಕೆತ್ಸಾಲ್‌ಟ್ರೆಕ್ಕರ್ಸ್ ನೋಡಿ. ಸ್ವಯಂಸೇವಕರು ಪ್ರವಾಸಿಗರನ್ನು ಚಾರಣಕ್ಕೆ ಕರೆದೊಯ್ಯುತ್ತಾರೆ, ಬಂದ ಹಣ ಬಡ ಮಕ್ಕಳ ಶಾಲೆಗೆ ಹೋಗುತ್ತದೆ. ಯಾವುದೇ ಇರಲಿ, ಈ ವರ್ಷ ಜನರನ್ನು ತೆಗೆದುಕೊಳ್ಳುತ್ತಾರಾ ಅಂತ ನೇರವಾಗಿ ಬರೆದು ಕೇಳಿ. ಸಣ್ಣ ಸಂಸ್ಥೆಗಳು, ಪರಿಸ್ಥಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಬರೆಯುವಾಗ ಈ ಪ್ರಶ್ನೆಗಳನ್ನು ಕೇಳಲೇಬೇಕು. ಜಾಗ ಯಾರದ್ದು? ನೆಡಲು ಊರಿನ ಸಭೆ ಒಪ್ಪಿದೆಯಾ? ಯಾವ ಜಾತಿಯ ಮರ? ನೆಟ್ಟ ಮೇಲೆ ಎರಡನೇ ವರ್ಷ, ಮೂರನೇ ವರ್ಷ ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ಕೂಲಿ ಯಾರು ಕೊಡುತ್ತಾರೆ? ಹೋದ ವರ್ಷದ ಗಿಡದಲ್ಲಿ ಎಷ್ಟು ಉಳಿದಿವೆ? ಎಷ್ಟು ಲಕ್ಷ ನೆಟ್ಟೆವು ಅಂತ ಹೇಳಿ, ಎಷ್ಟು ಉಳಿಯಿತು ಅನ್ನುವುದಕ್ಕೆ ಉತ್ತರ ಕೊಡದ ಸಂಸ್ಥೆಗೆ ನಿಮ್ಮ ಸಮಯವನ್ನೂ ದುಡ್ಡನ್ನೂ ಕೊಡಬೇಡಿ. ಸಭೆಯ ಮಾತು ಸುಮ್ನೆ ಹೇಳಿದ್ದಲ್ಲ. ತೋತೋನಿಕಪಾನ್‌ನಲ್ಲಿ ಕಿಚೆ ಜನ ತಲೆಮಾರುಗಳಿಂದ ತಮ್ಮ ಸಾಮೂಹಿಕ ಕಾಡನ್ನು ತಾವೇ ಕಾಯುತ್ತಾ ಬಂದಿದ್ದಾರೆ. 48 ಊರುಗಳು ಸೇರಿದ ಅವರ ಆಡಳಿತಕ್ಕೆ 48 ಕಾಂತೋನೆಸ್ ಅಂತಲೇ ಹೆಸರು. ಹುದ್ದೆ ವಹಿಸಿಕೊಂಡವರು ಸಂಬಳ ಇಲ್ಲದೆ ಊರಿಗಾಗಿ ದುಡಿಯುತ್ತಾರೆ. ಕಾಡು ಕಾಯುವುದು ಹೇಗೆ ಅಂತ ಇವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಕೈ ಮತ್ತು ಖರ್ಚಿಗೆ ದುಡ್ಡು.

ಮರದ ಜಾತಿ ಕೇಳಿ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಎತ್ತರದ ಜಾಗದಲ್ಲಿ ಅಲ್ಲಿನದೇ ಆದ ಪೈನ್ ಜಾತಿಗಳು, ಓಕ್, ಅಲಿಸೊ ಅನ್ನುವ ಆಲ್ಡರ್ ಮರ ಇರಬೇಕು. ಅಲಿಸೊ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ, ಹಾಗಾಗಿ ಸವೆದ ಇಳಿಜಾರಿಗೆ ಅದು ಬಹಳ ಒಳ್ಳೆಯದು. ಇನ್ನೂ ಮೇಲೆ ಪಿನಾಬೆತೆ ಅನ್ನುವ ಫರ್ ಮರ. ಕ್ರಿಸ್ಮಸ್ ಬಂತೆಂದರೆ ಅದರ ಕೊಂಬೆ ಕಡಿದು ಕದ್ದು ಮಾರುತ್ತಾರೆ, ಈಗ ಅಳಿವಿನ ಅಂಚಿಗೆ ಬಂದಿದೆ. ಕೆಳಗಿನ ಕಾಫಿ ಸೀಮೆಯಲ್ಲಿ ಕೊಡಗು, ಚಿಕ್ಕಮಗಳೂರಿನವರಿಗೆ ತಟ್ಟನೆ ಗುರುತು ಸಿಗುವ ಮರ ಒಂದಿದೆ: ನಮ್ಮ ಸಿಲ್ವರ್ ಓಕ್. ಅಲ್ಲಿ ಗ್ರಾವಿಲೆಯಾ ಅನ್ನುತ್ತಾರೆ. ಎರಡೂ ಕಡೆಗೆ ಆಸ್ಟ್ರೇಲಿಯಾದಿಂದ ಬಂದದ್ದು. ನೆರಳಿಗೆ, ಸೌದೆಗೆ ಒಳ್ಳೆಯದೇ, ಆದರೆ ಸಾಲಾಗಿ ಸಿಲ್ವರ್ ನೆಟ್ಟು ಕಾಡು ಬೆಳೆಸಿದೆವು ಅಂದರೆ ಒಪ್ಪಬೇಡಿ.

ಸೌದೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳ್ಳಿಯ ಮನೆಗಳಲ್ಲಿ ಅಡುಗೆ ಸೌದೆಯ ಮೇಲೇ. ಒಳ್ಳೆಯ ಭೂಮಿ ದೊಡ್ಡ ತೋಟದವರ ಕೈ ಸೇರಿದ ಮೇಲೆ ಈ ಜನ ಕಡಿದಾದ ಇಳಿಜಾರಿನಲ್ಲಿ ಮುಸುಕಿನ ಜೋಳ ಬೆಳೆಯಬೇಕಾಯಿತು. ಆದ್ದರಿಂದ ಮರ ಯಾಕೆ ಕಡಿದಿರಿ ಅಂತ ಅಲ್ಲಿ ಯಾರನ್ನೂ ಕೇಳಬೇಡಿ. ಒಳ್ಳೆಯ ಯೋಜನೆಗಳು ಗಿಡದ ಜೊತೆಗೆ ಹೊಗೆ ಕಡಿಮೆ ಮಾಡುವ ಒಲೆಯನ್ನೂ ಕಟ್ಟಿಕೊಡುತ್ತವೆ, ನಮ್ಮ ಅಸ್ತ್ರ ಒಲೆಯ ಹಾಗೆ. 1976ರ ಭೂಕಂಪದ ನಂತರ ಮಣ್ಣು, ಮರಳು ಸೇರಿಸಿ ಕಟ್ಟುವ ಲೊರೆನಾ ಒಲೆ ರೂಪುಗೊಂಡದ್ದು ಇದೇ ಗ್ವಾಟೆಮಾಲಾದಲ್ಲಿ. ಒಲೆ ಕಟ್ಟುವ ಕೆಲಸ ಸಿಕ್ಕಿದರೆ ಬಿಡಬೇಡಿ, ಅದೂ ಕಾಡು ಉಳಿಸುವ ಕೆಲಸವೇ.

ಇನ್ನು ನರ್ಸರಿ. ಇಲ್ಲೇ ನಿಮ್ಮ ಹೆಚ್ಚಿನ ಹೊತ್ತು ಹೋಗುವುದು. ಮಣ್ಣು, ಮರಳು, ಕಾಡಿನ ತರಗೆಲೆ ಕೊಳೆತ ಕಪ್ಪು ಮಣ್ಣು ಮೂರನ್ನೂ ಜರಡಿ ಹಿಡಿದು ಬೆರೆಸುತ್ತಾರೆ. ಆ ಕಪ್ಪು ಮಣ್ಣಿಗೆ ಅಲ್ಲಿ ಬ್ರೋಸಾ ಅನ್ನುತ್ತಾರೆ. ಪೈನ್ ಸಸಿಗೆ ಪೈನ್ ಕಾಡಿನ ಬ್ರೋಸಾವೇ ಬೇಕು, ಯಾಕೆಂದರೆ ಅದರಲ್ಲಿರುವ ಶಿಲೀಂಧ್ರ ಬೇರಿಗೆ ಅಂಟಿಕೊಂಡರೇನೇ ಸಸಿ ಚೆನ್ನಾಗಿ ಬೆಳೆಯುವುದು. ಚೀಲ ತುಂಬುವಾಗ ನಡುನಡುವೆ ನೆಲಕ್ಕೆ ಕುಟ್ಟಿ, ಬೆರಳಿನಿಂದ ಮೂಲೆ ಒತ್ತಿ. ಮಡಿಕೆ ಬಿದ್ದ ಚೀಲದಲ್ಲಿ ಗಾಳಿ ಉಳಿಯುತ್ತದೆ, ಬೇರು ಅಲ್ಲಿಗೆ ಬಂದು ಒಣಗುತ್ತದೆ. ತುಂಬಿದ ಚೀಲ ಕೈಯಲ್ಲಿ ಹಿಡಿದರೆ ಸೊಂಟ ಬಾಗದೆ ನೆಟ್ಟಗೆ ನಿಲ್ಲಬೇಕು.

ಮಡಿಯಿಂದ ಚೀಲಕ್ಕೆ ಸಸಿ ಎತ್ತಿ ಹಾಕುವುದು ನಾಜೂಕು ಕೆಲಸ. ಕಡ್ಡಿಯಿಂದ ಆಳವಾಗಿ ತೂತು ಮಾಡಿ. ಸಸಿಯನ್ನು ಕಾಂಡದಲ್ಲಿ ಹಿಡಿಯಬೇಡಿ, ಎಲೆಯಲ್ಲಿ ಹಿಡಿಯಿರಿ. ಬೇರನ್ನು ತುಸು ಹೆಚ್ಚೇ ಒಳಗೆ ಇಳಿಸಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಎಳೆದರೆ ಬೇರು ನೇರವಾಗುತ್ತದೆ. ಕೊಕ್ಕೆಯ ಹಾಗೆ ಮಡಚಿಕೊಂಡ ತಾಯಿ ಬೇರು ಆಗ ಕಾಣಿಸುವುದಿಲ್ಲ, ಗಿಡವೂ ಒಂದೆರಡು ವರ್ಷ ಹಸಿರಾಗಿಯೇ ಇರುತ್ತದೆ, ಮುಂದೆ ಗಾಳಿ ಬಂದಾಗ ಬುಡಸಮೇತ ವಾಲುತ್ತದೆ. ಅವಸರ ಮಾಡಿ ಜಾಸ್ತಿ ಚೀಲ ಮುಗಿಸುವುದಕ್ಕಿಂತ ಕಡಿಮೆ ಮಾಡಿ ನೇರ ಬೇರು ಇಡುವುದು ಮೇಲು. ನೀರು ಬೆಳಗ್ಗೆಯೇ ಹಾಕಿ, ಅದೂ ಮಿತವಾಗಿ. ಎಳೆ ಪೈನ್ ಸಸಿಯ ಬುಡ ತೇವದಲ್ಲಿ ಬೇಗ ಕೊಳೆಯುತ್ತದೆ, ಒಂದು ಮಡಿಗೆ ಹಿಡಿದರೆ ಇಡೀ ಸಾಲು ಮಲಗುತ್ತದೆ.

ನೆಡುವ ದಿನಕ್ಕೆ ಹೋದವರಿಗೆ ಇಷ್ಟು ಸಾಕು: ಗುಂಡಿ ಉದ್ದ, ಅಗಲ, ಆಳ ತಲಾ 30 ಸೆಂಟಿಮೀಟರ್ ಇರಲಿ. ಸಾಮಾನ್ಯವಾಗಿ 3 ಮೀಟರ್ ಅಂತರ, ಅಂದರೆ ಹೆಕ್ಟೇರಿಗೆ ಸುಮಾರು 1,100 ಗಿಡ. ಇಳಿಜಾರಿನಲ್ಲಿ ಮೇಲಿನ ಸಾಲಿನ ಗಿಡ ಕೆಳಗಿನ ಎರಡರ ನಡುವೆ ಬರಬೇಕು, ಆಗ ಹರಿಯುವ ನೀರಿಗೆ ತಡೆ ಸಿಗುತ್ತದೆ. ಪ್ಲಾಸ್ಟಿಕ್ ಚೀಲ ಪೂರ್ತಿ ಬಿಚ್ಚಿ ವಾಪಸ್ ತನ್ನಿ. ಈ ಕೆಲಸ ಯಾಕೆ ಅಂತ ಅನುಮಾನ ಬಂದರೆ ಅತಿತ್ಲಾನ್ ಸರೋವರದ ದಂಡೆಯ ಪನಾಬಾಹ್ ಹಳ್ಳಿಯ ಬಗ್ಗೆ ಓದಿ. 2005ರ ಅಕ್ಟೋಬರ್‌ನಲ್ಲಿ ಸ್ಟಾನ್ ಚಂಡಮಾರುತದ ಮಳೆಗೆ ಬೆಟ್ಟದ ಮಣ್ಣು ಇಳಿದು ಬಂದು ನೂರಾರು ಜನ ಅಲ್ಲಿ ಹೂತು ಹೋದರು. ಅಷ್ಟು ದೊಡ್ಡ ಮಳೆಯನ್ನು ಗಿಡ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬೋಳು ಇಳಿಜಾರಿನ ಕೆಳಗೆ ಮನೆ ಮಾಡಿಕೊಂಡವರು ಪ್ರತಿ ಮಳೆಗಾಲದಲ್ಲೂ ಮೇಲಕ್ಕೆ ನೋಡುತ್ತಲೇ ಇರಬೇಕಾಗುತ್ತದೆ ಅಲ್ವಾ?

ಶಾಲೆಯ ಕೆಲಸದ ವಿಷಯದಲ್ಲಿ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಎರಡು ವಾರಕ್ಕೆ ಹೋಗಿ ಇಂಗ್ಲಿಷ್ ಕಲಿಸಿ ಬರುವುದರಿಂದ ಮಕ್ಕಳಿಗೆ ಹೆಚ್ಚೇನೂ ಸಿಗುವುದಿಲ್ಲ. ಪ್ರತಿ ಹದಿನೈದು ದಿನಕ್ಕೆ ಹೊಸ ಮುಖ, ಮತ್ತೆ ಅದೇ ಬಣ್ಣಗಳ ಹೆಸರು. ಅದರ ಬದಲು ಊರಿನ ಶಿಕ್ಷಕರ ಕೈಕೆಳಗೆ ಕೆಲಸ ಮಾಡಿ. ಗ್ರಂಥಾಲಯದ ಪುಸ್ತಕ ಜೋಡಿಸಿ, ಸಂಜೆ ಮನೆಪಾಠಕ್ಕೆ ಕೂತುಕೊಳ್ಳಿ, ಶಾಲೆಯ ಹಿಂದೆ ಸಣ್ಣ ನರ್ಸರಿ ಮಾಡಿಸಿ. ಗಿಡಗಳ ಹೆಸರಿನ ಫಲಕವನ್ನು ಮಕ್ಕಳೇ ಸ್ಪ್ಯಾನಿಷ್‌ನಲ್ಲೂ ಕಿಚೆಯಲ್ಲೂ ಬರೆಯಲಿ, ಕಿಚೆ ಹೆಸರನ್ನು ಅಜ್ಜಿಯರನ್ನು ಕೇಳಿಕೊಂಡು ಬರಲಿ. 2003ರ ಕಾನೂನು ಮಾಯಾ ಭಾಷೆಗಳಿಗೆ ರಾಷ್ಟ್ರೀಯ ಭಾಷೆಯ ಸ್ಥಾನ ಕೊಟ್ಟಿದೆ. ಅದನ್ನು ತರಗತಿಯೊಳಗೆ ತರುವ ಕೆಲಸ ಸ್ಥಳೀಯ ಶಿಕ್ಷಕರ ಹೆಗಲ ಮೇಲಿದೆ. ಆರನೇ ತರಗತಿ ಮುಗಿದ ಮೇಲೆ ಓದು ಬಿಡುವ ಹುಡುಗಿಯರು ಬಹಳ, ಬಸ್ ಖರ್ಚು, ಪುಸ್ತಕದ ಖರ್ಚು ಮನೆಗೆ ಭಾರ. ದುಡ್ಡು ಕೊಡುವ ಶಕ್ತಿ ಇದ್ದರೆ ವಿದ್ಯಾರ್ಥಿವೇತನಕ್ಕೆ ಕೊಡಿ.

ಭಾಷೆ ಇಲ್ಲದೆ ಹೋಗಬೇಡಿ. ಶೇಲಾದಲ್ಲಿ ಸ್ಪ್ಯಾನಿಷ್ ಶಾಲೆಗಳು ಬೇಕಾದಷ್ಟಿವೆ, ಒಬ್ಬ ಶಿಕ್ಷಕರಿಗೆ ಒಬ್ಬರೇ ವಿದ್ಯಾರ್ಥಿ, ಊಟ ವಸತಿ ಅಲ್ಲಿನ ಒಂದು ಮನೆಯಲ್ಲಿ. ಕೆಲಸಕ್ಕೆ ಇಳಿಯುವ ಮೊದಲು ಕೆಲವು ವಾರ ಅದಕ್ಕೆ ಇಡಿ. ಹಳ್ಳಿಯ ವಯಸ್ಸಾದ ಹೆಂಗಸರಲ್ಲಿ ಹಲವರಿಗೆ ಸ್ಪ್ಯಾನಿಷ್ ಅಷ್ಟಾಗಿ ಬರುವುದಿಲ್ಲ, ಅವರಿಗೆ ಬೆಳಗ್ಗೆ ಸಕಾರಿಕ್, ಊಟ ಬಡಿಸಿದಾಗ ಮಲ್ತ್ಯೋಶ್ ಅಂದರೆ ಮುಖ ಅರಳುತ್ತದೆ. ಹಿರಿಯರ ಹೆಸರಿಗೆ ಗಂಡಸಾದರೆ ದೋನ್, ಹೆಂಗಸಾದರೆ ದೋನ್ಯಾ ಸೇರಿಸಿ ಕರೆಯಿರಿ. ಸಸ್ಯಾಹಾರಿಗಳಿಗೆ ಕಷ್ಟ ಇಲ್ಲ, ಬೀನ್ಸ್ ಕಾಳು, ಮುಸುಕಿನ ಜೋಳದ ತೋರ್ತಿಯಾ ರೊಟ್ಟಿ ಮೂರು ಹೊತ್ತೂ ಇರುತ್ತದೆ. ಮಾಂಸ ತಿನ್ನುವುದಿಲ್ಲ ಅನ್ನುವಾಗ ಕೋಳಿಯೂ ಬೇಡ ಅಂತ ಬಿಡಿಸಿ ಹೇಳಿ.

ಮಕ್ಕಳ ಫೋಟೋ ತೆಗೆಯುವುದು, ಎತ್ತಿಕೊಳ್ಳುವುದು, ಮಿಠಾಯಿ ಹಂಚುವುದು ಬೇಡ. ತಂದೆ ತಾಯಿ ಎದುರಿಗಿದ್ದು ಒಪ್ಪಿದರೆ ಮಾತ್ರ. ಮಕ್ಕಳ ಕಳ್ಳರ ಭಯ ಅಲ್ಲಿ ಆಳವಾಗಿದೆ. 2000ದ ಏಪ್ರಿಲ್‌ನಲ್ಲಿ ತೋದೋಸ್ ಸಾಂತೋಸ್ ಕುಚುಮಾತಾನ್‌ನಲ್ಲಿ ಇಂಥದ್ದೇ ಗಾಳಿಮಾತಿಗೆ ಜಪಾನಿನ ಪ್ರವಾಸಿಯೊಬ್ಬರು ಮತ್ತು ಬಸ್ ಚಾಲಕ ಗುಂಪಿನ ಕೈಯಲ್ಲಿ ಸತ್ತರು. ವಿದೇಶಿಯರಿಗೆ ಮಕ್ಕಳನ್ನು ದತ್ತು ಕೊಡುವುದರಲ್ಲಿ ಅಕ್ರಮಗಳು ನಡೆದದ್ದೂ ನಿಜ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಾಯಾ ಜನ. ನಿಮಗೆ ಊಟ ಹಾಕುವ ಮನೆಯಲ್ಲೂ ಯಾರನ್ನೋ ಕಳೆದುಕೊಂಡಿರಬಹುದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಕೊನೆಗೆ ಕಾಗದಪತ್ರ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು, ದೆಹಲಿಯಲ್ಲಿ ಗ್ವಾಟೆಮಾಲಾದ ರಾಯಭಾರ ಕಚೇರಿ ಇದೆ. ಅಮೆರಿಕ, ಕೆನಡಾ, ಯುರೋಪಿನ ಶೆಂಗೆನ್ ವೀಸಾ ಇರುವವರಿಗೆ ನಿಯಮ ಬೇರೆ ಇರುತ್ತದೆ, ಹೊರಡುವ ಮೊದಲು ಕಚೇರಿಯಲ್ಲೇ ವಿಚಾರಿಸಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಹ್ಯೂಸ್ಟನ್, ಮಯಾಮಿಯಿಂದ ಕೆಲವೇ ಗಂಟೆಗಳ ವಿಮಾನ, ರಜೆಯಲ್ಲಿ ಹೋಗಿ ಬರಲು ಅವರಿಗೇ ಸುಲಭ. 90 ದಿನದ ಅನುಮತಿ ಸಿಕ್ಕರೆ ಅದು ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕಾರಾಗುವಾ ನಾಲ್ಕಕ್ಕೂ ಸೇರಿ ಒಂದೇ ಲೆಕ್ಕ. ಸಂಸ್ಥೆ ಕೇಳುವ ಶುಲ್ಕಕ್ಕೆ ಚೌಕಾಸಿ ಮಾಡಬೇಡಿ. ನರ್ಸರಿಗೆ ದಿನಾ ನೀರು ಹಾಕುವವರ ಕೂಲಿ ಅದರಿಂದಲೇ ಬರುವುದು. ವಾಪಸ್ ಬಂದ ಮೇಲೂ ಕೈಲಾದಷ್ಟು ಕಳಿಸುವ ಹಾಗಿದ್ದರೆ ಪ್ರತಿ ವರ್ಷ ಜನವರಿಯಲ್ಲಿ ಕಳಿಸಿ, ಬೆಂಕಿ ರೇಖೆ ಕಡಿಯುವ ಆಳುಗಳಿಗೆ ದುಡ್ಡು ಬೇಕಾಗುವುದು ಆಗಲೇ.