ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು: ಮತದಾರರ ಪಟ್ಟಿ ತಾಳೆ ನೋಡುವ ನನ್ನ ಕ್ರಮ

ವೋಟರ್ ಐಡಿ ಕಿಸೆಯಲ್ಲಿದ್ದರೆ ಮತ ಹಾಕಬಹುದು ಅಂದುಕೊಂಡವರೇ ಮತದಾನದ ದಿನ ಮತಗಟ್ಟೆಯಿಂದ ಬರಿಗೈಲಿ ವಾಪಸ್ ಬರುವುದು. ಕಾರ್ಡ್ ಇರುವುದು ಗುರುತಿಗೆ, ಹಕ್ಕು ಇರುವುದು ಪಟ್ಟಿಯಲ್ಲಿ. ಕಾರ್ಡ್ ಕಳೆದುಹೋದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎಷ್ಟು ಕಾರ್ಡ್ ಇದ್ದರೂ ಉಪಯೋಗವಿಲ್ಲ. ಅದಕ್ಕೇ ನಾನು ಅರ್ಜಿಗಿಂತ ಮೊದಲು ಪಟ್ಟಿ ಹಿಡಿದು ಕೂರುತ್ತೇನೆ.

ಪಟ್ಟಿ ಭಾಗಗಳಾಗಿ ಇರುತ್ತದೆ, ಒಂದು ಮತಗಟ್ಟೆಗೆ ಒಂದು ಭಾಗ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಜಿಲ್ಲೆ, ವಿಧಾನಸಭಾ ಕ್ಷೇತ್ರ, ಭಾಗ ಆರಿಸಿ, ಕ್ಯಾಪ್ಚಾ ತುಂಬಿದರೆ ಪಿಡಿಎಫ್ ಇಳಿಯುತ್ತದೆ. ಅದರಲ್ಲಿ ಫೋಟೋ ಇರುವುದಿಲ್ಲ. ಪುಟಗಳು ಚಿತ್ರದ ರೂಪದಲ್ಲಿರುವುದರಿಂದ ಹೆಸರು ಟೈಪ್ ಮಾಡಿ ಹುಡುಕಲೂ ಆಗುವುದಿಲ್ಲ. ಹುಡುಕಬಲ್ಲ ರೂಪದಲ್ಲಿ ಪಟ್ಟಿ ಕೊಡಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಲಿಲ್ಲ. ಹಾಗಾಗಿ ಮುದ್ರಿಸಿಕೊಂಡು ಕಣ್ಣಿಂದಲೇ ಓದುವುದು ನನ್ನ ರೂಢಿ. ದೃಢೀಕೃತ ಪ್ರತಿ ಬೇಕಿದ್ದರೆ 1960ರ ಮತದಾರರ ನೋಂದಣಿ ನಿಯಮಗಳ 33ನೇ ನಿಯಮ ಇದೆ: ಪಟ್ಟಿ ಮತ್ತು ಅದಕ್ಕೆ ಸಂಬಂಧಿಸಿದ ಕಾಗದಪತ್ರ ನೋಡುವ, ಶುಲ್ಕ ಕಟ್ಟಿ ಪ್ರತಿ ಪಡೆಯುವ ಹಕ್ಕು ಯಾರಿಗಾದರೂ ಉಂಟು. ಅರ್ಜಿಯಲ್ಲಿ ಕ್ಷೇತ್ರದ ಸಂಖ್ಯೆ, ಭಾಗದ ಸಂಖ್ಯೆ, ಕರಡೋ ಅಂತಿಮವೋ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಬರೀ ‘ನಮ್ಮೂರಿನ ಪಟ್ಟಿ’ ಎಂದು ಬರೆದರೆ ಅರ್ಜಿ ಅಲ್ಲೇ ಕೂರುತ್ತದೆ.

ಒಂದು ಪುಟದಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 10, ಒಟ್ಟು 30 ಚೌಕ. ಪ್ರತಿ ಚೌಕದಲ್ಲೂ ಕ್ರಮ ಸಂಖ್ಯೆ, ಎಪಿಕ್ ಸಂಖ್ಯೆ (ವೋಟರ್ ಐಡಿ ಕಾರ್ಡಿನ ನಂಬರು), ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಕೊನೆಯ ಪುಟಗಳನ್ನು ಬಿಡಬೇಡಿ, ಪೂರಕ ಪಟ್ಟಿ ಅಲ್ಲಿರುತ್ತದೆ: ಸೇರಿದವರು, ತೆಗೆದುಹಾಕಿದವರು, ತಿದ್ದುಪಡಿಯಾದವರು. ತೆಗೆದ ಹೆಸರಿನ ಪಕ್ಕದ ಇಂಗ್ಲಿಷ್ ಅಕ್ಷರವೇ ಕಾರಣ ಹೇಳುತ್ತದೆ. ‘ಇ’ ಅಂದರೆ ತೀರಿಕೊಂಡವರು, ‘ಎಸ್’ ಅಂದರೆ ಮನೆ ಬದಲಿಸಿದವರು, ‘ಆರ್’ ಅಂದರೆ ಎರಡು ಸಲ ಬಂದ ಹೆಸರು. ನಾನು ಮೊದಲು ಓದುವುದೇ ಈ ಪುಟಗಳನ್ನು. ಮನೆಯಲ್ಲೇ ಇರುವವರ ಹೆಸರಿನ ಮುಂದೆ ‘ಎಸ್’ ಕಂಡರೆ ಬೇರೆ ಕೆಲಸ ಬಿಟ್ಟು ಅದನ್ನೇ ಹಿಡಿಯಬೇಕು.

ಆಮೇಲೆ ಬೀದಿಗೆ ಇಳಿಯುವುದು. ಇಬ್ಬರು ಬೇಕು, ಒಬ್ಬರು ಕೇಳಲು, ಒಬ್ಬರು ಗುರುತು ಹಾಕಲು. ಹಗಲು ಹೋದರೆ ಬೀಗ ಹಾಕಿದ ಮನೆಗಳೇ ಸಿಗುವುದರಿಂದ ಸಂಜೆ ಅಥವಾ ಭಾನುವಾರ ಒಳ್ಳೆಯದು. ‘ನಿಮ್ಮ ಹೆಸರು ಲಿಸ್ಟಲ್ಲಿ ಇದೆಯಾ’ ಎಂದು ಕೇಳಲೇಬಾರದು, ಎಲ್ಲರೂ ‘ಇದೆ’ ಅನ್ನುತ್ತಾರೆ. ‘ಅಮ್ಮಾ, ಈ ಮನೇಲಿ ಹದಿನೆಂಟು ತುಂಬಿದವರು ಎಷ್ಟು ಜನ ಇದ್ದೀರಿ, ಒಬ್ಬೊಬ್ಬರ ಹೆಸರೂ ಹೇಳಿ’ ಎಂದು ಕೇಳಿ, ಹೇಳಿದ ಹೆಸರನ್ನು ಚೌಕದ ಜೊತೆ ತಾಳೆ ನೋಡಬೇಕು. ಮದುವೆಯಾಗಿ ಬಂದ ಸೊಸೆ, ಈಚೆಗೆ ಹದಿನೆಂಟು ದಾಟಿದ ಮಗ, ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇರುವವರು ಹೀಗೆ ಕೇಳಿದಾಗ ಮಾತ್ರ ಹೊರಬೀಳುತ್ತಾರೆ. ಪಟ್ಟಿಯಲ್ಲಿ ಸಿಗದ ಹೆಸರನ್ನು ‘ಇಲ್ಲ’ ಎಂದು ಬರೆಯುವ ಮುಂಚೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಪಿಕ್ ಸಂಖ್ಯೆ ಹಾಕಿ ಹುಡುಕಿ. ಗಂಗಮ್ಮ ಗಂಗವ್ವ ಆಗಿರಬಹುದು, ಇನಿಷಿಯಲ್ ಹಿಂದೆ ಮುಂದೆ ಆಗಿರಬಹುದು, ಇಲ್ಲವೇ ಗಂಡ ಒಂದು ಭಾಗದಲ್ಲಿ, ಹೆಂಡತಿ ಪಕ್ಕದ ಭಾಗದಲ್ಲಿ ಇರಬಹುದು.

ಇನ್ನು ಅರ್ಜಿ. ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಮೂನೆಯ ಆಯ್ಕೆಯಲ್ಲೇ ಆಗುತ್ತವೆ. ನಮೂನೆ 6 ಇರುವುದು ಮೊದಲ ಸಲ ಸೇರುವವರಿಗೆ ಮಾತ್ರ. 2022ರ ಆಗಸ್ಟ್‌ನಿಂದ ಮನೆ ಬದಲಾವಣೆ, ತಿದ್ದುಪಡಿ, ಕಾರ್ಡ್ ಬದಲಿ, ಅಂಗವೈಕಲ್ಯದ ಗುರುತು, ಈ ನಾಲ್ಕಕ್ಕೂ ನಮೂನೆ 8. ಕ್ಷೇತ್ರ ಬದಲಾದರೂ ನಮೂನೆ 8 ಸಾಕು. ಎಪಿಕ್ ಸಂಖ್ಯೆ ಅದೇ ಉಳಿಯುತ್ತದೆ, ಹಳೆಯ ಜಾಗದ ಹೆಸರು ಹೋಗುತ್ತದೆ. ತವರಿನಲ್ಲಿ ಹೆಸರಿದ್ದ ಹೆಣ್ಣುಮಗಳು ಗಂಡನ ಊರಲ್ಲಿ ಹೊಸದಾಗಿ ನಮೂನೆ 6 ಕೊಟ್ಟರೆ ಎರಡು ಕಡೆ ಹೆಸರಾಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17, 18ನೇ ಕಲಮುಗಳು ಅದನ್ನು ನಿಷೇಧಿಸುತ್ತವೆ. ಗೊತ್ತಿದ್ದೂ ಸುಳ್ಳು ಘೋಷಣೆಗೆ ಸಹಿ ಹಾಕಿದರೆ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಆ ಹೆಣ್ಣುಮಗಳಿಗೆ ಇದನ್ನು ಮೊದಲೇ ತಿಳಿಸುವುದು ಅರ್ಜಿ ತುಂಬಿಸುವವರ ಹೊಣೆ ಎಂದು ನಾನು ನಂಬಿದ್ದೇನೆ.

ವಯಸ್ಸಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ, ಅಂದರೆ ಹದಿನೆಂಟು ತುಂಬಿರಬೇಕಾದ ದಿನ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಮೂನೆ 6ರ ಫೋಟೋ 4.5 × 3.5 ಸೆಂ.ಮೀ., ಹಿನ್ನೆಲೆ ಬಿಳಿ. ಮನೆಯಲ್ಲಿ ಈಗಾಗಲೇ ಪಟ್ಟಿಯಲ್ಲಿರುವವರ ಎಪಿಕ್ ಸಂಖ್ಯೆ ತುಂಬುವುದನ್ನು ಮರೆಯಬೇಡಿ, ಇಡೀ ಮನೆ ಒಂದೇ ಭಾಗದಲ್ಲಿ ಉಳಿಯಲು ಅದೇ ದಾರಿ.

ವಾಸದ ವಿಷಯದಲ್ಲಿ ಕಾನೂನು ಕೇಳುವುದು ‘ಸಾಮಾನ್ಯ ನಿವಾಸಿ’ಯೋ ಎಂದು. ಊರಲ್ಲಿ ಸ್ವಂತ ಮನೆ ಇದೆ ಅನ್ನುವುದೊಂದೇ ಸಾಲದು. ಕೆಲಸಕ್ಕೆಂದು ಕೆಲ ದಿನ ಹೊರಗಿದ್ದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಹಾಸ್ಟೆಲ್ ಅಥವಾ ಮನೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ಸೂರೇ ಇಲ್ಲದವರಿಗೂ ದಾರಿ ಇದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ಹೇಳಿದ ಜಾಗಕ್ಕೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ ಹೋಗಿ ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ವಿಳಾಸದ ದಾಖಲೆಯೇ ಬೇಡ. ಬಸ್ ನಿಲ್ದಾಣ, ಸೇತುವೆ ಕೆಳಗೆ ಇರುವವರ ಅರ್ಜಿ ತುಂಬುವಾಗ ‘ಇಂಥ ಅಂಗಡಿ ಸಾಲಿನ ಎದುರಿನ ಜಗಲಿ’ ಎಂದು ಗುರುತು ಹಚ್ಚುವ ಹಾಗೆ ಬರೆಯಬೇಕು, ಹೋದವರಿಗೆ ಜಾಗ ಸಿಗಬೇಕಲ್ಲ.

ಹೆಸರು ತೆಗೆಸುವ ನಮೂನೆ 7ರ ಬಗ್ಗೆ ಎಚ್ಚರ ಹೆಚ್ಚು ಬೇಕು. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2022ರ ಕೊನೆಗೆ ಆನ್‌ಲೈನ್‌ನಲ್ಲಿ ಬಂದ 6,018 ನಮೂನೆ 7 ಅರ್ಜಿಗಳನ್ನು ಪರಿಶೀಲಿಸಿದಾಗ ನಿಜವಾದವು 24 ಮಾತ್ರ ಎಂದು ಚುನಾವಣಾ ಆಯೋಗವೇ ಹೇಳಿತು. ಊರು ಬಿಟ್ಟಿದ್ದಾರೆ ಅಥವಾ ಅರ್ಹರಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ಅದೇ 1950ರ ಕಾಯ್ದೆಯ 22ನೇ ಕಲಮು ಹೇಳುತ್ತದೆ. ನೋಟಿಸ್ ಬಂದರೆ ಬಿಸಾಡಬೇಡಿ, ವಿಚಾರಣೆಯ ದಿನ ಹೋಗಿ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದ ಅರ್ಜಿಗಳ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ: ಸೇರ್ಪಡೆಯವು ನಮೂನೆ 9ರಲ್ಲಿ, ತೆಗೆಯಬೇಕೆಂದು ಬಂದವು ನಮೂನೆ 10ರಲ್ಲಿ. ಪರಿಷ್ಕರಣೆ ನಡೆಯುವಾಗ ನಾನು ವಾರಕ್ಕೊಮ್ಮೆ ನಮೂನೆ 10 ತೆರೆದು ನಮ್ಮ ಭಾಗದ ಹೆಸರು ಬಂದಿದೆಯೇ ಎಂದು ನೋಡುತ್ತೇನೆ. ತೆಗೆದ ಮೇಲೆ ಅಲೆಯುವುದಕ್ಕಿಂತ ಇದು ಸಾವಿರ ಪಾಲು ಸುಲಭ.

ಚುನಾವಣೆ ಘೋಷಣೆಯಾದ ಮೇಲೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೆ ಹೆಸರು ಸೇರಿಸಬಹುದು. ಆದರೆ ಅರ್ಜಿಯನ್ನು 7 ದಿನ ಆಕ್ಷೇಪಣೆಗೆ ಇಡಬೇಕು, ಸ್ಥಳ ಪರಿಶೀಲನೆಯೂ ಆಗಬೇಕು. ಕೊನೆಯ ದಿನಕ್ಕೆ ಕನಿಷ್ಠ 10 ದಿನ ಮೊದಲು ಕೊಡದಿದ್ದರೆ ಹೆಸರು ಆ ಚುನಾವಣೆಗೆ ಸಿಗುವುದಿಲ್ಲ. ಅರ್ಜಿ ತಿರಸ್ಕೃತವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ತಿರಸ್ಕಾರದ ಆದೇಶದ ಪ್ರತಿ ಮೊದಲೇ ಕೇಳಿ ಇಟ್ಟುಕೊಳ್ಳಿ.

ಇದೆಲ್ಲ ಮಾಮೂಲಿ ಪರಿಷ್ಕರಣೆಯ ಕ್ರಮ. 2025ರಲ್ಲಿ ಬಿಹಾರದಿಂದ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಎಣಿಕೆ ನಮೂನೆ (ಮನೆಮನೆಗೆ ಕೊಟ್ಟ, ಮತದಾರರು ವಿವರ ತುಂಬುವ ಅರ್ಜಿ) ವಾಪಸ್ ಕೊಟ್ಟವರ ಹೆಸರಷ್ಟೇ ಕರಡು ಪಟ್ಟಿಗೆ ಬಂತು. ಅಲ್ಲಿ ಸುಮ್ಮನಿದ್ದರೆ ಹಳೆಯ ಹೆಸರೂ ಉಳಿಯುವುದಿಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದೂ ಬೇರೆಯೇ ಲೆಕ್ಕ: ನವೆಂಬರ್ 1 ಅರ್ಹತಾ ದಿನಾಂಕ, ಅದಕ್ಕೆ ಮೂರು ವರ್ಷ ಮೊದಲೇ ಪದವಿ ಆಗಿರಬೇಕು, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಹಿಂದಿನ ಸಲ ಮತ ಹಾಕಿದವರೂ ನಮೂನೆ 18 ಮತ್ತೆ ಕೊಡಲೇಬೇಕು.